ಫುಟ್‌ಪಾತ್ ಎತ್ತರಿಸಿ ಎಂದು ಕೇಳುವ ಮುನ್ನ

ಬೆಂಗಳೂರಿನ ಬಡಾವಣೆಗಳಲ್ಲಿ ಯಾವುದಾದರೂ ಬೀದಿಯನ್ನು ಹೊಸದಾಗಿ ರೂಪಿಸುವ ಕೆಲಸ ಕೈಗೆ ಬಂದಾಗ ನಿವಾಸಿಗಳ ಸಭೆಯಲ್ಲಿ ಒಂದು ಬೇಡಿಕೆ ತಪ್ಪದೆ ಬರುತ್ತದೆ: ಫುಟ್‌ಪಾತನ್ನು ಇನ್ನಷ್ಟು ಎತ್ತರ ಮಾಡಿ, ಆಗ ಸ್ಕೂಟರಿನವರು ಹತ್ತುವುದಿಲ್ಲ. ಕೇಳುವವರ ಉದ್ದೇಶದಲ್ಲಿ ತಪ್ಪೇನೂ ಇಲ್ಲ. ಅವರು ದಿನವೂ ನಡೆಯುವವರು, ಬೆನ್ನ ಹಿಂದೆಯೇ ಹಾರ್ನ್ ಬಾರಿಸಿ ದಾರಿ ಬಿಡಿಸಿಕೊಳ್ಳುವ ಸವಾರರಿಂದ ರೋಸಿಹೋದವರು. ಎಂಜಿನಿಯರುಗಳಿಗೂ ಈ ಬೇಡಿಕೆ ಅನುಕೂಲವೇ, ಏಕೆಂದರೆ ಫುಟ್‌ಪಾತ್ ಮೇಲೇರಿದಷ್ಟೂ ಅದರ ಕೆಳಗಿನ ಚರಂಡಿಯನ್ನು ಆಳಕ್ಕೆ ಅಗೆಯುವ ಕಷ್ಟ ತಪ್ಪುತ್ತದೆ. ಹೀಗೆ ಎರಡೂ ಕಡೆಯವರು ಸಂತೋಷದಿಂದ ಒಪ್ಪಿ ಕಟ್ಟಿಸಿದ ಫುಟ್‌ಪಾತಿನ ಮೇಲೆ ವರ್ಷ ಕಳೆಯುವುದರೊಳಗೆ ಸ್ಕೂಟರುಗಳು ಓಡಾಡುತ್ತಿರುತ್ತವೆ, ನಡೆಯುವವರು ಕೆಳಗೆ ಡಾಂಬರಿನ ಅಂಚು ಹಿಡಿದು ಹೋಗುತ್ತಿರುತ್ತಾರೆ.

ನಡಿಗೆಯೂ ಸೈಕಲ್ಲೂ ನಗರಕ್ಕೆ ಏಕೆ ಬೇಕು ಎಂಬುದನ್ನು ಇಲ್ಲಿ ಹೇಳಲು ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿದೆ. ಗೊತ್ತಿಲ್ಲದಿರುವುದು, ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯದಿರುವುದು, ಈ ಎತ್ತರದ ಲೆಕ್ಕ.

ಸ್ಕೂಟರು ಫುಟ್‌ಪಾತಿನ ಅಂಚಿನ ಕಲ್ಲನ್ನು ಹಾರಿ ಮೇಲೇರುವುದು ಅಪರೂಪ. ಅದು ಬರುವುದು ಮನೆಗಳ ಗೇಟಿನ ಮುಂದೆ ಕಾರಿಗಾಗಿ ಮಾಡಿರುವ ಇಳಿಜಾರಿನಿಂದ, ಇಲ್ಲವೇ ಬೀದಿಯ ಮೂಲೆಯಲ್ಲಿ ಫುಟ್‌ಪಾತ್ ಮುಗಿಯುವ ಕಡೆಯಿಂದ. ಅಂಚಿನ ಕಲ್ಲು ಅರ್ಧ ಅಡಿ ಇದ್ದರೂ ಎರಡು ಅಡಿ ಇದ್ದರೂ ಈ ಎರಡು ಬಾಗಿಲುಗಳು ತೆರೆದೇ ಇರುತ್ತವೆ. ಎತ್ತರ ಹೆಚ್ಚಿದಾಗ ತಡೆಯುವುದು ಸವಾರನನ್ನಲ್ಲ; ಮಂಡಿನೋವಿನ ಅಜ್ಜಿಯನ್ನು, ತುಂಬು ಗರ್ಭಿಣಿಯನ್ನು, ಗಾಲಿಕುರ್ಚಿಯವರನ್ನು, ತರಕಾರಿಯ ಚೀಲ ಹಿಡಿದು ಮಗುವಿನ ಕೈ ಎಳೆದುಕೊಂಡು ಹೋಗುವ ತಾಯಿಯನ್ನು.

ಈಗ ಅಳತೆಗೆ ಬರೋಣ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ಅಂಚಿನ ಕಲ್ಲು ರಸ್ತೆಯಿಂದ 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು ಎನ್ನುತ್ತದೆ. ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು ಎನ್ನುತ್ತದೆ. ಗಾಲಿಕುರ್ಚಿ ಹತ್ತಬಲ್ಲ ಇಳಿಜಾರು ಹನ್ನೆರಡಕ್ಕೆ ಒಂದು, ಅಂದರೆ ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ಈ ಲೆಕ್ಕವನ್ನು ನಮ್ಮ ಊರಿನ ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಸೈಟಿನ ಮುಂದೆ ಇಟ್ಟು ನೋಡಿ. ಸೈಟಿನ ಮುಂಭಾಗ ಮೂವತ್ತು ಅಡಿ, ಅಂದರೆ 9.1 ಮೀಟರ್. ಅದರಲ್ಲಿ ಕಾರಿನ ಗೇಟಿಗೆ 3 ಮೀಟರ್ ಹೋದರೆ, ಒಂದು ಗೇಟಿನಿಂದ ಮುಂದಿನ ಮನೆಯ ಗೇಟಿನವರೆಗೆ ಉಳಿಯುವುದು 6.1 ಮೀಟರ್. ಫುಟ್‌ಪಾತ್ ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್ ಎತ್ತರ ಇದ್ದು, ಪ್ರತಿ ಗೇಟಿನ ಮುಂದೆಯೂ ಅದನ್ನು ರಸ್ತೆಯ ಮಟ್ಟಕ್ಕೆ ಇಳಿಸುವುದಾದರೆ, ಒಂದು ಗೇಟಿನಿಂದ ಮೇಲೇರಲು 5.4 ಮೀಟರ್, ಮುಂದಿನ ಗೇಟಿಗೆ ಇಳಿಯಲು ಮತ್ತೆ 5.4 ಮೀಟರ್, ಒಟ್ಟು 10.8 ಮೀಟರ್ ಬೇಕು. ಇರುವುದು ಆರು ಚಿಲ್ಲರೆ. ಎತ್ತರವನ್ನು ಒಂದು ಅಡಿಗೆ ಇಳಿಸಿದರೂ 7.2 ಮೀಟರ್ ಬೇಕಾಗುತ್ತದೆ, ಆಗಲೂ ಸಾಲದು. ಹದಿನೈದು ಸೆಂಟಿಮೀಟರ್ ಆದರೆ ಮಾತ್ರ ಏರುವುದಕ್ಕೂ ಇಳಿಯುವುದಕ್ಕೂ ಸೇರಿ 3.6 ಮೀಟರ್ ಸಾಕಾಗಿ, ನಡುವೆ ಎರಡೂವರೆ ಮೀಟರ್ ಸಮತಟ್ಟಾದ ಜಾಗ ಉಳಿಯುತ್ತದೆ.

ಹೀಗೆ ಜಾಗ ಸಾಲದೆ ಹೋದಾಗ ಗುತ್ತಿಗೆದಾರ ಏನು ಮಾಡುತ್ತಾನೆಂದರೆ, ಇಳಿಜಾರನ್ನೇ ಬಿಟ್ಟು ಗೇಟಿನ ಎರಡೂ ಬದಿ ಫುಟ್‌ಪಾತನ್ನು ಕತ್ತರಿಸಿ ನಿಲ್ಲಿಸುತ್ತಾನೆ; ನಡೆಯುವವರು ಪ್ರತಿ ಮನೆಗೂ ಒಂದೊಂದು ಬಾರಿ ಒಂದೂವರೆ ಅಡಿ ಹತ್ತಿ ಒಂದೂವರೆ ಅಡಿ ಇಳಿಯಬೇಕು. ನೂರು ಮೀಟರಿನ ಬೀದಿಯಲ್ಲಿ ಹತ್ತು ಹನ್ನೊಂದು ಮನೆಗಳಾದರೂ ಇರುತ್ತವೆ. ‘ಜನರಿಗೆ ಫುಟ್‌ಪಾತ್ ಬಳಸುವ ಶಿಸ್ತೇ ಇಲ್ಲ’ ಎನ್ನುವವರು ಒಮ್ಮೆ ಆ ನೂರು ಮೀಟರನ್ನು ಕೈಯಲ್ಲಿ ಗ್ಯಾಸ್ ಸಿಲಿಂಡರ್ ಬೇಡ, ಒಂದು ಅಕ್ಕಿಯ ಚೀಲ ಹಿಡಿದು ದಾಟಿ ನೋಡಲಿ.

ಹಾಗಾದರೆ ಪರಿಹಾರವೇನು ಎಂದರೆ, ಗೇಟಿನ ಮುಂದೆ ಫುಟ್‌ಪಾತನ್ನು ಇಳಿಸಲೇಬಾರದು. ಫುಟ್‌ಪಾತ್ ತನ್ನ ಹದಿನೈದು ಸೆಂಟಿಮೀಟರ್ ಎತ್ತರದಲ್ಲಿ ಒಂದೇ ಸಮನೆ ಹೋಗಬೇಕು. ಕಾರು ಅದನ್ನು ಹತ್ತಿ, ದಾಟಿ, ಗೇಟಿನೊಳಗೆ ಹೋಗಬೇಕು. ಕಾರು ಹತ್ತುವ ಇಳಿಜಾರನ್ನು ಮರ, ದೀಪದ ಕಂಬಗಳು ನಿಲ್ಲುವ ರಸ್ತೆಯಂಚಿನ ಎರಡು ಅಡಿ ಪಟ್ಟಿಯೊಳಗೇ ಮುಗಿಸಬೇಕು. ನಾಲ್ಕಕ್ಕೆ ಒಂದರ ಇಳಿಜಾರು ಗಾಲಿಕುರ್ಚಿಗೆ ಅಸಾಧ್ಯ, ಆದರೆ ನಿಧಾನವಾಗಿ ಬರುವ ಕಾರಿಗೆ ಕಷ್ಟವಲ್ಲ. ವೇಗವಾಗಿ ಬರಲು ಆಗುವುದಿಲ್ಲ ಎಂಬುದು ಅದರ ಲಾಭವೇ ಹೊರತು ದೋಷವಲ್ಲ. ಅಡ್ಡರಸ್ತೆ ಬಂದು ಸೇರುವ ಮೂಲೆಯಲ್ಲಿಯೂ ಇದೇ ಕ್ರಮ: ಫುಟ್‌ಪಾತ್ ಇಳಿಯುವ ಬದಲು ಅಡ್ಡರಸ್ತೆಯೇ ಅಷ್ಟು ಮೇಲೆ ಬಂದು, ವಾಹನಗಳು ಹತ್ತಿ ಇಳಿಯಬೇಕು. ಎಲ್ಲ ಕಡೆಯೂ ಹೀಗೆಯೇ ಮಾಡಬಹುದೆಂದು ನಾನು ಖಡಾಖಂಡಿತವಾಗಿ ಹೇಳಲಾರೆ. ರಾಜಕಾಲುವೆಯ ಪಕ್ಕದ ತಗ್ಗಿನ ಬೀದಿಗಳಲ್ಲಿ, ಬಸ್ಸು ತಿರುಗುವ ಮೂಲೆಗಳಲ್ಲಿ ಸ್ಥಳದ ಮಟ್ಟ ಅಳೆದ ಮೇಲೆಯೇ ನಿರ್ಧರಿಸಬೇಕಾಗುತ್ತದೆ.

ಈ ಪರಿಹಾರಕ್ಕೆ ವಿರೋಧ ಬರುವುದು ಮನೆಯ ಅಂಗಳ ಫುಟ್‌ಪಾತಿಗಿಂತ ಎತ್ತರವಿದ್ದಾಗ. ಆ ಅಂತರವನ್ನು ಕಾಂಪೌಂಡಿನ ಒಳಗೇ ತುಂಬಿಕೊಳ್ಳಬೇಕು, ಆದರೆ ನಮ್ಮಲ್ಲಿ ಅದನ್ನು ಫುಟ್‌ಪಾತಿನ ಮೇಲೆ ಸುರಿದ ಕಾಂಕ್ರೀಟಿನಿಂದ ತುಂಬುವುದು ರೂಢಿ. ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಎತ್ತರದ ಫುಟ್‌ಪಾತ್ ಬೇಕೆಂದು ಸಭೆಯ ಉದ್ದಕ್ಕೂ ವಾದಿಸಿದರು. ಅವರ ಮನೆಯ ಮುಂದಿನ ಇಳಿಜಾರು ಫುಟ್‌ಪಾತನ್ನು ಪೂರ್ತಿ ನುಂಗಿ ರಸ್ತೆಯೊಳಗೂ ಒಂದು ಗೇಣು ಚಾಚಿತ್ತು. ‘ಸಾರ್, ಇದು ಗೇಟಿನ ಒಳಗೆ ಬರಬೇಕು’ ಎಂದೆ. ‘ಒಳಗೆ ಜಾಗ ಎಲ್ಲಿದೆ ಹೇಳಿ? ಮಗ ಎರಡನೇ ಕಾರು ತಂದಿದ್ದಾನೆ’ ಎಂದರು. ಕಾಫಿ ತಂದಿಟ್ಟ ಅವರ ಮನೆಯವರು ಅಲ್ಲೇ ನಿಂತು, ‘ನಾನಂತೂ ಹಾಲಿನ ಬೂತಿಗೆ ರಸ್ತೆ ಮೇಲೇ ಹೋಗೋದು. ಇವರ ಫುಟ್‌ಪಾತ್ ಹತ್ತೋಕೆ ನನ್ನ ಮಂಡಿ ಬಿಡಲ್ಲ’ ಎಂದರು. ಹಿರಿಯರು ಮಾತಾಡಲಿಲ್ಲ. ಅವರು ಮನಸ್ಸು ಬದಲಿಸಿದರೆಂದು ಹೇಳಲಾರೆ, ಆದರೆ ಆ ದಿನದ ಸಭೆಯಲ್ಲಿ ನನ್ನ ನಕ್ಷೆಗಳಿಗಿಂತ ಆ ತಾಯಿಯ ಮಾತೇ ಹೆಚ್ಚು ಕೆಲಸ ಮಾಡಿತು.

ಫುಟ್‌ಪಾತ್ ಏರುತ್ತಲೇ ಹೋಗುವುದಕ್ಕೆ ಇನ್ನೊಂದು ಕಾರಣ ಡಾಂಬರು. ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಕಿದಾಗ ರಸ್ತೆ ಮೇಲೇರುತ್ತದೆ, ನೀರು ಮನೆಗಳ ಕಡೆ ತಿರುಗುತ್ತದೆ, ಮುಂದಿನ ಸಲ ಫುಟ್‌ಪಾತ್ ಅದಕ್ಕಿಂತ ಮೇಲೇರುತ್ತದೆ, ಹೊಸ ಮನೆ ಕಟ್ಟುವವರು ಅಡಿಪಾಯವನ್ನು ಇನ್ನೂ ಎತ್ತರಿಸುತ್ತಾರೆ. ನೀರಿನ ಭಯ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಚರಂಡಿಗೆ ಬೇಕಾದ ಸಾಮರ್ಥ್ಯ ಆಳದಿಂದ, ಅಗಲದಿಂದ, ಸರಿಯಾದ ಇಳುಕಲಿನಿಂದ ಬರಬೇಕು. ಮುಚ್ಚಳದ ಎತ್ತರದಿಂದ ಬರುವುದಿಲ್ಲ. ರಸ್ತೆಯ ನೀರು ಚರಂಡಿಗೆ ಇಳಿಯುವ ಕಿಂಡಿಗಳು ಹೊಂಗೆ ಎಲೆಯಿಂದ ಮುಚ್ಚಿಹೋಗಿದ್ದರೆ ಎರಡಡಿ ಎತ್ತರದ ಫುಟ್‌ಪಾತ್ ರಸ್ತೆಯನ್ನು ತೊಟ್ಟಿ ಮಾಡುತ್ತದೆ, ಅಷ್ಟೇ.

ಸ್ಕೂಟರನ್ನು ತಡೆಯುವ ಬಗೆ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಸಾಮಾನ್ಯ ಉತ್ತರ ಗೂಟಗಳು. ಸ್ಕೂಟರಿನ ಹ್ಯಾಂಡಲ್ ಸುಮಾರು 70 ಸೆಂಟಿಮೀಟರ್ ಅಗಲ, ಗಾಲಿಕುರ್ಚಿ ಸಲೀಸಾಗಿ ಸಾಗಲು ಕನಿಷ್ಠ 90 ಬೇಕು. ಹಾಗಾಗಿ ಗಾಲಿಕುರ್ಚಿಗೆ ದಾರಿ ಬಿಡುವ ಗೂಟಗಳು ಸ್ಕೂಟರಿಗೂ ದಾರಿ ಬಿಡುತ್ತವೆ. ಅವು ಕಾರು, ಆಟೋಗಳನ್ನು ತಡೆಯುತ್ತವೆ, ಸ್ಕೂಟರಿನ ವೇಗ ತಗ್ಗಿಸುತ್ತವೆ, ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಬಾರದು. ಫುಟ್‌ಪಾತಿನ ಮೇಲೆ ವಾಹನ ಓಡಿಸುವುದು ನಿಷಿದ್ಧವೆಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹೇಳುತ್ತದೆ. ಅದನ್ನು ಜಾರಿಗೆ ತರುವುದು ಪೊಲೀಸರ ಕೆಲಸ, ಕಲ್ಲು ಹಾಕುವವನದಲ್ಲ. ವಿನ್ಯಾಸಕಾರ ಮಾಡಬಹುದಾದ ಒಂದು ಕೆಲಸವುಂಟು: ಸವಾರರು ಯಾವ ದಿಕ್ಕಿನಿಂದ ಬರುತ್ತಿದ್ದಾರೆಂದು ನಿಂತು ನೋಡುವುದು. ಬಹಳ ಕಡೆ ಅವರು ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿಗೆ ಹೋಗುವವರು, ಯು-ತಿರುವು ದೂರವಿರುವ ಕಾರಣಕ್ಕೆ ಫುಟ್‌ಪಾತ್ ಹಿಡಿದವರು. ಅಂಥಲ್ಲಿ ತಿರುವನ್ನು ಹತ್ತಿರಕ್ಕೆ ತಂದರೆ ಸಮಸ್ಯೆ ಪೂರ್ತಿ ಅಲ್ಲದಿದ್ದರೂ ಬಹುಪಾಲು ಇಳಿಯುತ್ತದೆ.

ಸಮಮಟ್ಟದ ಫುಟ್‌ಪಾತ್ ಕಾಗದದ ಮೇಲಿನ ಕನಸಲ್ಲ. ಬೆಂಗಳೂರಿನಲ್ಲಿ ರಸ್ತೆ, ಚರಂಡಿ, ಫುಟ್‌ಪಾತುಗಳನ್ನು ಒಟ್ಟಿಗೇ ರೂಪಿಸುವ ಟೆಂಡರ್‌ಶ್ಯೂರ್ ಯೋಜನೆಯಡಿ ಮರುನಿರ್ಮಾಣವಾದ ಸೇಂಟ್ ಮಾರ್ಕ್ಸ್ ರಸ್ತೆ, ವಿಟ್ಠಲ ಮಲ್ಯ ರಸ್ತೆಗಳಲ್ಲಿ ನಡೆದು ನೋಡಿ. ವಾಹನಗಳ ದಾರಿ ಕಿರಿದಾಯಿತೆಂದು ಆಗ ಸಾಕಷ್ಟು ಕೂಗೆದ್ದಿತ್ತು, ಆ ಫುಟ್‌ಪಾತುಗಳ ಮೇಲೂ ಸ್ಕೂಟರು ಹತ್ತಿದ್ದುಂಟು; ಆದರೂ ಅಲ್ಲಿ ವಯಸ್ಸಾದವರು ಫುಟ್‌ಪಾತಿನ ಮೇಲೆಯೇ ನಡೆಯುತ್ತಾರೆ. ಸೈಕಲ್ ಪಥದ ಕಥೆಯೂ ಬೇರೆಯಲ್ಲ. ಜಯನಗರದಲ್ಲಿ ಬಣ್ಣದ ಗೆರೆ ಎಳೆದು ಮಾಡಿದ ಪಥಗಳು ಕಾರು ನಿಲ್ಲಿಸುವ ಜಾಗಗಳಾದವು, ಏಕೆಂದರೆ ಗೆರೆಗೆ ಎತ್ತರವೇ ಇರಲಿಲ್ಲ. ಫುಟ್‌ಪಾತಿನಷ್ಟು ಎತ್ತರಿಸಿ ಪ್ರತಿ ಗೇಟಿಗೂ ಇಳಿಸಿದರೆ ಸೈಕಲ್ಲಿನವರು ಅದನ್ನು ಬಿಟ್ಟು ರಸ್ತೆಗೇ ಬರುತ್ತಾರೆ. ರಸ್ತೆಗಿಂತ ಸ್ವಲ್ಪ ಮೇಲೆ, ಫುಟ್‌ಪಾತಿಗಿಂತ ಸ್ವಲ್ಪ ಕೆಳಗೆ, ಗೇಟುಗಳ ಮುಂದೆಯೂ ಏರಿಳಿಯದೆ ಸಾಗುವ ಪಥವೇ ನಮ್ಮ ಬೀದಿಗಳಿಗೆ ಹೆಚ್ಚು ಹೊಂದುತ್ತದೆಂಬುದು ನನ್ನ ಅಭಿಪ್ರಾಯ.

ಅಡೆತಡೆಯಿಲ್ಲದ, ಅಂಗವಿಕಲರೂ ಬಳಸಬಲ್ಲ ಫುಟ್‌ಪಾತ್ ಜೀವಿಸುವ ಹಕ್ಕು ನೀಡುವ ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ, ಆದ್ದರಿಂದ ಈಗ ಕೇಳುವವರಿಗೆ ಬಲವೂ ಇದೆ. ನಿಮ್ಮ ಬೀದಿಗೆ ಕಾಮಗಾರಿ ಬರುವ ಸುದ್ದಿ ತಿಳಿದರೆ, ಟೈಲ್ಸಿನ ಬಣ್ಣ ಕೇಳಬೇಡಿ. ಬೀದಿಯ ಉದ್ದಕ್ಕೂ ಫುಟ್‌ಪಾತಿನ ಮಟ್ಟ ತೋರಿಸುವ ನಕ್ಷೆಯನ್ನು ವಾರ್ಡಿನ ಎಂಜಿನಿಯರಲ್ಲಿ ಕೇಳಿ, ಪ್ರತಿ ಗೇಟಿನ ಬಳಿ ಆ ಗೆರೆ ಕೆಳಗಿಳಿದಿದೆಯೇ ನೋಡಿ, ಇಳಿದಿದ್ದರೆ ಲಿಖಿತವಾಗಿ ಆಕ್ಷೇಪಿಸಿ. ಅದು ಟೆಂಡರ್ ಕರೆಯುವ ಮೊದಲೇ ಆಗಬೇಕು. ಚಪ್ಪಡಿ ಕೂರಿಸಿದ ಮೇಲೆ ನನ್ನಂಥವರನ್ನು ಕರೆದು ಕೇಳಿದರೆ, ಒಡೆಸಿ ಎನ್ನುವುದನ್ನು ಬಿಟ್ಟು ಬೇರೆ ಸಲಹೆ ನಮ್ಮ ಬಳಿ ಇರುವುದಿಲ್ಲ, ಅದಕ್ಕೆ ಹಣ ಮಂಜೂರು ಮಾಡುವವರೂ ಸಿಗುವುದಿಲ್ಲ.