ಔಷಧ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಭಾರತದಲ್ಲಿ 2008ರಲ್ಲಿ ಆರಂಭವಾದ ಫಾರ್ಮ್-ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸು ಆರು ವರ್ಷಗಳದ್ದು. ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯ ಇಂಟರ್ನ್‌ಶಿಪ್. ಆದರೆ ವಾರ್ಡಿನಲ್ಲಿ ವಿದ್ಯಾರ್ಥಿಗೆ ಯಾವ ರೋಗಿ ಸಿಗುತ್ತಾರೆಂಬುದು ಅದೃಷ್ಟದ ಮಾತು. ಅಪಾಯಕಾರಿ ಔಷಧದ ವಿಷಯದಲ್ಲಿ ನಿರ್ಧಾರವನ್ನು ವಿದ್ಯಾರ್ಥಿಯ ಕೈಗೆ ಬಿಡುವವರೂ ಇಲ್ಲ, ಬಿಡಲೂಬಾರದು. ಈ ಕೊರತೆಯನ್ನು ಕಂಪ್ಯೂಟರಿನ ಕಲ್ಪಿತ ರೋಗಿ ಬಹುಮಟ್ಟಿಗೆ ತುಂಬಬಲ್ಲದೆಂಬುದು ನನ್ನ ಅಭಿಪ್ರಾಯ.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ ರೂಪಿಸಿದ ಮೈಡಿಸ್ಪೆನ್ಸ್ ಇಂಥ ಒಂದು ತಂತ್ರಾಂಶ. ಪರದೆಯ ಮೇಲೆ ಔಷಧದಂಗಡಿ ಇರುತ್ತದೆ, ರೋಗಿ ಚೀಟಿ ಹಿಡಿದು ಬರುತ್ತಾರೆ. ಅವರನ್ನೋ ವೈದ್ಯರನ್ನೋ ವಿಚಾರಿಸಿ, ಕಪಾಟಿನಿಂದ ಔಷಧ ಆರಿಸಿ, ಲೇಬಲ್ ಸಿದ್ಧಪಡಿಸುವುದು ವಿದ್ಯಾರ್ಥಿಯ ಕೆಲಸ. ಕೇಳದಿದ್ದರೆ ರೋಗಿ ತಾವಾಗಿ ಏನನ್ನೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಸತ್ವ ಇರುವುದು ಇಲ್ಲೇ.

ತರಗತಿಯಲ್ಲಿ ನಾನು ಮತ್ತೆ ಮತ್ತೆ ಕೊಡುವ ಪ್ರಕರಣ ಮೆಥೊಟ್ರೆಕ್ಸೇಟಿನದು. ಸಂಧಿವಾತವಿರುವ ಮಧ್ಯವಯಸ್ಸಿನ ಮಹಿಳೆಯ ಚೀಟಿಯಲ್ಲಿ 2.5 ಮಿಲಿಗ್ರಾಂನ ಮೂರು ಮಾತ್ರೆ ಎಂದಿರುತ್ತದೆ, ಎಷ್ಟು ದಿನಕ್ಕೊಮ್ಮೆ ಎಂಬುದಿರುವುದಿಲ್ಲ. ಈ ಕಾಯಿಲೆಗೆ ಅದನ್ನು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು. ದಿನವೂ ನುಂಗಿದರೆ ಬಾಯಿಹುಣ್ಣಾಗಿ, ಅಸ್ಥಿಮಜ್ಜೆ ಕುಗ್ಗಿ, ಪ್ರಾಣಕ್ಕೇ ಕುತ್ತು ಬರಬಹುದು. ಪಠ್ಯದಲ್ಲಿ ಇದನ್ನು ಓದಿರುವ ವಿದ್ಯಾರ್ಥಿಗಳಲ್ಲೂ ಕೆಲವರು ಅಭ್ಯಾಸಬಲದಿಂದ ‘ದಿನಕ್ಕೊಮ್ಮೆ’ ಎಂದು ಲೇಬಲ್ ಬರೆದುಬಿಡುತ್ತಾರೆ. ವೈದ್ಯರಿಗೆ ಕರೆ ಮಾಡಿ ಖಚಿತಪಡಿಸಿಕೊಂಡವರಿಗೂ ಮುಂದೆ ಇನ್ನೊಂದು ತೊಡಕು ಕಾದಿರುತ್ತದೆ: ಬೇರೆ ಯಾವ ಮಾತ್ರೆ ನಡೆಯುತ್ತಿದೆಯೆಂದು ಕೇಳಿದರಷ್ಟೇ, ಮೂತ್ರದ ಸೋಂಕಿಗೆ ಇನ್ನೊಬ್ಬ ವೈದ್ಯರು ಕೋಟ್ರೈಮಾಕ್ಸಜೋಲ್ ಕೊಟ್ಟಿರುವುದು ತಿಳಿಯುತ್ತದೆ. ಎರಡೂ ಸೇರಿದರೆ ಮಜ್ಜೆಯ ಮೇಲಿನ ಹಾನಿ ಇನ್ನಷ್ಟು ತೀವ್ರವಾಗುತ್ತದೆ.

ಇಷ್ಟಕ್ಕೇ ಪಾಠ ಮುಗಿದಂತಲ್ಲ. ಅಂಕ ಕಂಡ ಕೂಡಲೇ ಎದ್ದು ಹೋಗುವ ವಿದ್ಯಾರ್ಥಿ ಕಲಿಯುವುದು ತಂತ್ರಾಂಶದ ಜಾಡನ್ನೇ ಹೊರತು ಔಷಧಶಾಸ್ತ್ರವನ್ನಲ್ಲ. ಪಟ್ಟಿಯಲ್ಲಿರುವ ಎಲ್ಲ ಪ್ರಶ್ನೆಗಳನ್ನೂ ಒಂದಾದ ಮೇಲೊಂದು ಒತ್ತಿ ಪಾರಾಗುವ ಜಾಣರಿಗೂ ಕೊರತೆಯಿಲ್ಲ. ಆದ್ದರಿಂದ ಪ್ರಕರಣ ಮುಗಿದ ಮೇಲಿನ ಚರ್ಚೆಗೆ, ಪ್ರಕರಣಕ್ಕೆ ತಗುಲಿದಷ್ಟಾದರೂ ಸಮಯ ಬೇಕು. ಯಾವ ಪ್ರಶ್ನೆಯನ್ನು ಏಕೆ ಕೇಳಿದಿರಿ, ಬಂದ ಉತ್ತರದಿಂದ ನಿಮ್ಮ ನಿರ್ಧಾರ ಹೇಗೆ ಬದಲಾಯಿತು ಎಂದು ಅಧ್ಯಾಪಕರು ಕೆದಕಿದಾಗಲೇ ಯಾರು ಯೋಚಿಸಿದ್ದಾರೆ, ಯಾರು ಊಹಿಸಿದ್ದಾರೆ ಎಂಬುದು ಹೊರಬೀಳುತ್ತದೆ. ಕಾಲೇಜುಗಳು ತಂತ್ರಾಂಶಕ್ಕೆ ತೋರುವ ಉತ್ಸಾಹವನ್ನು ಈ ಚರ್ಚೆಗೆ ತೋರುವುದು ಅಪರೂಪ.

ಕಲ್ಪಿತ ಅಂಗಡಿಗೂ ನಮ್ಮ ಹೊರರೋಗಿ ವಿಭಾಗಕ್ಕೂ ಅಂತರವಿದೆ. ಪರದೆಯ ಮೇಲೆ ಹೆಸರು ಸ್ಪಷ್ಟವಾಗಿರುವ ಪೆಟ್ಟಿಗೆಗಳಿರುತ್ತವೆ. ಇಲ್ಲಿನ ರೋಗಿಗಳು ಪ್ಲಾಸ್ಟಿಕ್ ಕವರಿನಿಂದ ಸುರಿಯುವುದು ಅರ್ಧ ಕತ್ತರಿಸಿದ ಸ್ಟ್ರಿಪ್‌ಗಳನ್ನು. ಕತ್ತರಿಗೆ ಸಿಕ್ಕಿ ಔಷಧದ ಹೆಸರೂ ಅವಧಿ ಮುಗಿಯುವ ದಿನಾಂಕವೂ ಮಾಯವಾಗಿರುತ್ತವೆ, ಮನೆಯಲ್ಲಿ ಮಾತ್ರೆ ನೋಡಿಕೊಳ್ಳುವ ಸೊಸೆ ಜೊತೆಗೆ ಬಂದಿರುವುದಿಲ್ಲ. ಹೀಗಾಗಿ ನಾವೇ ಬರೆದುಕೊಳ್ಳುವ ಪ್ರಕರಣಗಳಲ್ಲಿ ಈಗ ಅಂಥ ಸ್ಟ್ರಿಪ್‌ಗಳ ಚಿತ್ರಗಳನ್ನೇ ಸೇರಿಸುತ್ತಿದ್ದೇವೆ. ಗುರುತು ಸಿಗದ ಮಾತ್ರೆಯನ್ನು ಊಹೆಯಿಂದ ಹೆಸರಿಸಿದವರಿಗೆ, ಉಳಿದ ಉತ್ತರಗಳೆಲ್ಲ ಸರಿಯಿದ್ದರೂ, ಆ ಪ್ರಕರಣದಲ್ಲಿ ಅಂಕವಿಲ್ಲ.