ನಕ್ಷೆಯ ಮೇಲೆ ಲಿಂಗನಮಕ್ಕಿ ಎಷ್ಟು ದೊಡ್ಡದಾಗಿರಬೇಕು?

ಮಳೆಗಾಲ ಹಿಡಿಯಿತೆಂದರೆ ಶಿವಮೊಗ್ಗದ ಕಡೆ ಬೆಳಿಗ್ಗೆ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹೋಗುವುದು ಜಲಾಶಯಗಳ ನೀರಿನ ಮಟ್ಟದ ಕಡೆಗೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಭದ್ರಾದ್ದು 186 ಅಡಿ. ಮೊದಲನೆಯದು ಸಮುದ್ರಮಟ್ಟದಿಂದ ಎಣಿಸಿದ್ದು, ಎರಡನೆಯದು ಹಾಗಲ್ಲ. ಆದ್ದರಿಂದ ಈ ಅಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಹೋಲಿಸಬೇಕಾದದ್ದು ಅವು ಹಿಡಿಯುವ ನೀರನ್ನು. ಲಿಂಗನಮಕ್ಕಿಯಲ್ಲಿ ಸುಮಾರು 151 ಟಿಎಂಸಿ, ಭದ್ರಾದಲ್ಲಿ ಸುಮಾರು 71.5, ಗಾಜನೂರಿನ ತುಂಗಾ ಅಣೆಕಟ್ಟೆಯಲ್ಲಿ ಬರೀ 3.24. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.

ಈ ಮೂರು ಸಂಖ್ಯೆಗಳನ್ನು ಮಲೆನಾಡಿನ ನಕ್ಷೆಯ ಮೇಲೆ ಮೂರು ವೃತ್ತಗಳಾಗಿ ಬರೆಯೋಣ. ನಕ್ಷೆಯ ಒಂದು ಮಿಲಿಮೀಟರು ನೆಲದ ಒಂದು ಕಿಲೋಮೀಟರಿಗೆ ಸಮ ಎಂದಿರಲಿ. ತುಂಗಾಕ್ಕೆ 3 ಮಿ.ಮೀ. ತ್ರಿಜ್ಯದ ಪುಟ್ಟ ವೃತ್ತ ಕೊಟ್ಟೆವು. ಲಿಂಗನಮಕ್ಕಿಯ ನೀರು ಅದರ ಸುಮಾರು 47 ಪಟ್ಟು. ಹಾಗಾದರೆ ತ್ರಿಜ್ಯವನ್ನೂ 47 ಪಟ್ಟು ಮಾಡಿದರಾಯಿತಲ್ಲವೇ? ಮಾಡಿ ನೋಡಿ. ತ್ರಿಜ್ಯ 140 ಮಿ.ಮೀ. ಆಗುತ್ತದೆ. ಶರಾವತಿಯ ಮೇಲೆ ಕೇಂದ್ರವಿರುವ ಆ ವೃತ್ತ ಸಾಗರ, ಶಿವಮೊಗ್ಗ, ಗಾಜನೂರು, ಭದ್ರಾ ಅಣೆಕಟ್ಟೆ ಇಷ್ಟನ್ನೂ ನುಂಗಿ, ಇನ್ನೊಂದು ಕಡೆ ಅರಬ್ಬೀ ಸಮುದ್ರದ ಒಳಕ್ಕೂ ಚಾಚಿಕೊಳ್ಳುತ್ತದೆ. ಅದು ಆವರಿಸುವ ಜಾಗ ತುಂಗಾದ ವೃತ್ತದ ಎರಡು ಸಾವಿರ ಪಟ್ಟಿಗೂ ಹೆಚ್ಚು. 47 ಎಂದು ಹೇಳಲು ಹೊರಟ ನಕ್ಷೆ ಎರಡು ಸಾವಿರ ಎಂದು ಹೇಳಿಬಿಟ್ಟಿತು.

ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟಿದವರಿಗೆ ಇದು ಕೈಗೇ ಗೊತ್ತಿರುವ ವಿಷಯ. ಐದು ಅಂಗುಲ ಅಗಲದ ರೊಟ್ಟಿಗೆ ಒಂದು ಉಂಡೆ ಹಿಟ್ಟು ಸಾಕಾದರೆ, ಅಷ್ಟೇ ದಪ್ಪದ ಹತ್ತು ಅಂಗುಲದ ರೊಟ್ಟಿಗೆ ಎರಡು ಉಂಡೆ ಸಾಲುವುದಿಲ್ಲ, ನಾಲ್ಕು ಬೇಕು. ಅಗಲ ಎರಡಾದಾಗ ಹರವು ನಾಲ್ಕಾಗುತ್ತದೆ, ಮೂರಾದಾಗ ಒಂಬತ್ತಾಗುತ್ತದೆ. ನಕ್ಷೆಯ ವೃತ್ತವನ್ನು ನೋಡುವವನು ಅಳೆಯುವುದು ಅದರ ಹರವನ್ನು, ತ್ರಿಜ್ಯವನ್ನಲ್ಲ. ಹಾಗಾಗಿ ಸಂಖ್ಯೆಯ ಭಾರವನ್ನು ಹೊರಬೇಕಾದದ್ದು ವಿಸ್ತೀರ್ಣ. ದಾರಿ ಸರಳ: ಸಂಖ್ಯೆಗಳ ಅನುಪಾತದ ವರ್ಗಮೂಲ ತೆಗೆದು, ಅದರಿಂದ ತ್ರಿಜ್ಯವನ್ನು ಗುಣಿಸಬೇಕು. 47ರ ವರ್ಗಮೂಲ ಏಳಕ್ಕಿಂತ ತುಸು ಕಡಿಮೆ. ಲಿಂಗನಮಕ್ಕಿಗೆ 20.5 ಮಿ.ಮೀ., ಭದ್ರಾಕ್ಕೆ 14 ಮಿ.ಮೀ. ತ್ರಿಜ್ಯ ಬರುತ್ತದೆ. ಮೂರೂ ವೃತ್ತಗಳು ತಮ್ಮ ತಮ್ಮ ಜಾಗದಲ್ಲಿ ಒಂದನ್ನೊಂದು ಮುಟ್ಟದೆ ಕೂರುತ್ತವೆ. ನೀರು ಘನವಸ್ತುವಿನಂತೆ ಗಾತ್ರವುಳ್ಳದ್ದು ತಾನೇ ಎಂದು ವೃತ್ತದ ಬದಲು ಗೋಲಗಳನ್ನು ಬರೆದು ಘನಮೂಲ ತೆಗೆಯುವವರೂ ಇದ್ದಾರೆ. ಜಾಗ ಉಳಿಯುತ್ತದೆ ನಿಜ, ಆದರೆ ಕಾಗದದ ಮೇಲಿನ ಗೋಲದ ಗಾತ್ರವನ್ನು ಕಣ್ಣು ಅಂದಾಜು ಮಾಡಲಾರದು.

ಈ ಉಪಾಯ ಹಳೆಯದು. ಐರ್ಲೆಂಡಿನ ರೈಲುಮಾರ್ಗಗಳ ಆಯೋಗಕ್ಕಾಗಿ ಹೆನ್ರಿ ಡ್ರೂರಿ ಹಾರ್ನೆಸ್ 1837ರಲ್ಲಿ ತಯಾರಿಸಿದ ನಕ್ಷೆಯಲ್ಲಿ ಪಟ್ಟಣಗಳ ಜನಸಂಖ್ಯೆಯನ್ನು ವೃತ್ತಗಳು ತೋರಿಸಿದವು. ಫ್ರಾನ್ಸಿನ ಎಂಜಿನಿಯರ್ ಶಾರ್ಲ್ ಜೋಸೆಫ್ ಮಿನಾರ್ 1858ರಲ್ಲಿ, ಪ್ಯಾರಿಸ್ಸಿಗೆ ಯಾವ ಪ್ರಾಂತ್ಯದಿಂದ ಎಷ್ಟು ಮಾಂಸ ಬರುತ್ತದೆ ಎಂಬುದನ್ನು ಹೋಳು ಹೋಳಾದ ವೃತ್ತಗಳಲ್ಲಿ ಬರೆದ.

ಲೆಕ್ಕ ಸರಿಯಾದರೂ ಕಣ್ಣಿನದೊಂದು ತಕರಾರು ಉಳಿಯುತ್ತದೆ. ದೊಡ್ಡ ವೃತ್ತ ಎಷ್ಟು ದೊಡ್ಡದೋ ಅಷ್ಟು ದೊಡ್ಡದಾಗಿ ನಮಗೆ ಕಾಣುವುದಿಲ್ಲ. ನಾವು ಕಡಿಮೆಯೇ ಅಂದಾಜು ಮಾಡುತ್ತೇವೆ. ಅಮೆರಿಕದ ಜೇಮ್ಸ್ ಫ್ಲಾನರಿ ಜನರನ್ನು ಪರೀಕ್ಷಿಸಿ ಇದಕ್ಕೊಂದು ತಿದ್ದುಪಡಿ ಸೂಚಿಸಿದರು: ವರ್ಗಮೂಲವೆಂದರೆ 0.5ರ ಘಾತ, ಅದರ ಬದಲು ಸುಮಾರು 0.57ರ ಘಾತ ಬಳಸಿ ಎಂದು. ಹಾಗೆ ಮಾಡಿದರೆ ಲಿಂಗನಮಕ್ಕಿಯ ತ್ರಿಜ್ಯ 27 ಮಿ.ಮೀ.ಗೆ ಏರುತ್ತದೆ, ಭದ್ರಾದ ವೃತ್ತ ಬೆಳೆದು ತುಂಗಾದ ಅಂಚಿಗೆ ಬರುತ್ತದೆ.

ನನಗೆ ಈ ತಿದ್ದುಪಡಿ ಒಪ್ಪಿಗೆಯಿಲ್ಲ. ಎಲ್ಲರ ಕಣ್ಣೂ ಒಂದೇ ಪ್ರಮಾಣದಲ್ಲಿ ತಪ್ಪುವುದಿಲ್ಲ. ಮೇಲಾಗಿ ಒಂದೇ ವೃತ್ತ ದೊಡ್ಡವುಗಳ ನಡುವೆ ಚಿಕ್ಕದಾಗಿ, ಚಿಕ್ಕವುಗಳ ನಡುವೆ ದೊಡ್ಡದಾಗಿ ಕಾಣುತ್ತದೆ. ಇಷ್ಟಕ್ಕೆಲ್ಲ ಒಂದೇ ಘಾತ ಹೇಗೆ ಮದ್ದಾದೀತು? ಅದಕ್ಕಿಂತ ವಿಸ್ತೀರ್ಣವನ್ನು ಪ್ರಾಮಾಣಿಕವಾಗಿ ಉಳಿಸಿಕೊಂಡು, ನಕ್ಷೆಯ ಮೂಲೆಯಲ್ಲಿ 5, 50, 150 ಟಿಎಂಸಿಯ ವೃತ್ತಗಳನ್ನು ಒಂದರೊಳಗೊಂದು, ಬುಡ ಸೇರುವಂತೆ ಬರೆದು ಬೆಲೆ ನಮೂದಿಸುವುದು ಲೇಸು. ಓದುಗ ಅದರ ಪಕ್ಕಕ್ಕಿಟ್ಟು ಅಳೆಯಲಿ. ಇಂಥ ಸೂಚಿಯಿಲ್ಲದ ನಕ್ಷೆ ಎಷ್ಟೇ ಚೆಲುವಾಗಿರಲಿ, ನಾನು ಅದನ್ನು ನಂಬುವುದಿಲ್ಲ. ಆಗುಂಬೆಯ ಮಳೆಯನ್ನೂ ಹೀಗೇ ತೋರಿಸಬಹುದೇ ಎಂದರೆ, ನಾನು ಹಿಂಜರಿಯುತ್ತೇನೆ. ಮಿಲಿಮೀಟರಿನ ಮಳೆ ಒಂದು ಕಡೆ ಸೇರಿಟ್ಟ ಮೊತ್ತವಲ್ಲ, ನೆಲದ ಮೇಲೆಲ್ಲ ಹರಡಿದ ಆಳ. ಅದಕ್ಕೆ ಒಂದೇ ಅಳತೆಯ ಮಳೆ ಬೀಳುವ ಜಾಗಗಳನ್ನು ಜೋಡಿಸುವ ಸಮಮಳೆಯ ರೇಖೆಗಳೇ ಹೊಂದುತ್ತವೆ.

ಇನ್ನು ಒಂದು ದಿನದ ಸಂಗ್ರಹವನ್ನು ತೋರಿಸಬೇಕಾದರೆ ಹೊರಗಿನ ವೃತ್ತದ ಒಳಗೆ ಮತ್ತೊಂದನ್ನು ಬರೆದು ನೀಲಿ ತುಂಬಬಹುದು. ಜಲಾಶಯ ಅರ್ಧ ತುಂಬಿದೆ ಎಂದು ಒಳಗಿನ ತ್ರಿಜ್ಯವನ್ನು ಅರ್ಧ ಮಾಡಿದರೆ ಕಾಲು ಭಾಗವಷ್ಟೇ ನೀಲಿಯಾಗಿ, ಮಳೆ ಕೈಕೊಟ್ಟಿತೆಂದು ನೋಡಿದವರು ಗಾಬರಿಯಾಗುತ್ತಾರೆ. ಅರ್ಧ ನೀರಿಗೆ ತ್ರಿಜ್ಯ ಸುಮಾರು 0.71 ಪಟ್ಟು ಇರಬೇಕು. ಲಿಂಗನಮಕ್ಕಿಗೆ ಅದು 14.5 ಮಿ.ಮೀ. ಅರ್ಧವೇ ತುಂಬಿದ ಆ ನೀಲಿ ವೃತ್ತ, ದಡ ಮುಟ್ಟಿ ತುಂಬಿದ ಭದ್ರಾದ ವೃತ್ತಕ್ಕಿಂತ ಒಂದು ಗೆರೆಯಷ್ಟು ದೊಡ್ಡದು.