ನಿಂಬೆ ಎಲೆಯ ಚುಕ್ಕೆಗೆ ಔಷಧಿ ಹೊಡೆದರೂ ಯಾಕೆ ಹೋಗಲ್ಲ?

ಪ್ರಶ್ನೆ: ಹಿತ್ತಿಲ ನಿಂಬೆ ಗಿಡದ ಎಲೆ ತುಂಬಾ ಕಂದು ಚುಕ್ಕೆ. ಪ್ರತಿ ಮಳೆಗಾಲದಲ್ಲೂ ಹೀಗೇ. ಶಿಲೀಂಧ್ರನಾಶಕ ತಂದು ಎರಡು ಸಲ ಹೊಡೆದೆ, ಕಡಿಮೆಯಾಗಲಿಲ್ಲ. ಏನು ಮಾಡಲಿ?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಔಷಧಿ ಬದಿಗಿಟ್ಟು ಮೊದಲು ಒಂದು ಎಲೆ ಕಿತ್ತುಕೊಳ್ಳಿ. ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿ. ಎರಡೂ ಬದಿಯಲ್ಲಿ ಉಬ್ಬಿಕೊಂಡು ಉಪ್ಪುಕಾಗದದ ಹಾಗೆ ತರಿತರಿ ಅನ್ನಿಸುತ್ತಾ? ಬೆಳಕಿಗೆ ಹಿಡಿದರೆ ಚುಕ್ಕೆಯ ಸುತ್ತ ಹಳದಿ ಉಂಗುರ ಕಾಣುತ್ತಾ? ಹಾಗಿದ್ದರೆ ಅದು ಕಜ್ಜಿ ರೋಗ. ಕಾಯಿಯ ಸಿಪ್ಪೆ ಮೇಲೂ ಇದೇ ಕಜ್ಜಿ ಇರುತ್ತದೆ, ನೋಡಿ.

ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಶಿಲೀಂಧ್ರಕ್ಕೆಂದೇ ಮಾಡಿದ ಔಷಧಿಗಳಲ್ಲಿ ಹೆಚ್ಚಿನವು ಇದಕ್ಕೆ ತಾಗುವುದೇ ಇಲ್ಲ. ನಿಮ್ಮ ದುಡ್ಡು ಹೋಗಿದ್ದು ಅಲ್ಲೇ ಇರಬೇಕು. ಮಳೆಹನಿ ಸಿಡಿದು ರೋಗ ಎಲೆಯಿಂದ ಎಲೆಗೆ ಹಾರುತ್ತದೆ. ಗಾಳಿಗೆ ಮುಳ್ಳು ಗೀರಿದ ಗಾಯ ಸಿಕ್ಕರೆ ಒಳಗೆ ಹೋಗುವುದು ಇನ್ನೂ ಸುಲಭ. ಚಿಗುರೆಲೆಯ ಮೇಲೆ ಬೆಳ್ಳಗೆ ಹಾವಿನಂತೆ ಗೆರೆ ಎಳೆಯುವ ರಂಗೋಲಿ ಹುಳು ಕೂಡ ಇದಕ್ಕೆ ಬಾಗಿಲು ತೆಗೆದುಕೊಡುತ್ತದೆ. ನಮ್ಮ ಜಡಿಮಳೆಯಲ್ಲಿ ನಿಂಬೆಗೆ ಈ ಕಾಟ ಜಾಸ್ತಿ. ಕಿತ್ತಳೆ ಸ್ವಲ್ಪ ತಡೆದುಕೊಳ್ಳುತ್ತದೆ.

ಇದಕ್ಕೆ ಒಳ್ಳೆಯ ಮದ್ದು ನಿಮ್ಮ ಅಡಿಕೆ ತೋಟದಲ್ಲೇ ಇದೆ: ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ದ್ರಾವಣವನ್ನು ಕಳೆದ ಶತಮಾನದ ಆರಂಭದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದ ಅಡಿಕೆ ಕೊಳೆರೋಗಕ್ಕೆ ಬಳಕೆಗೆ ತಂದರು. ಅಡಿಕೆಗೆ ಮದ್ದು ಹೊಡೆಯುವ ದಿನ ಹಿತ್ತಿಲ ನಿಂಬೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ, ಅಲ್ವಾ?

ಒಂದೆರಡು ಗಿಡಕ್ಕೆ ಹತ್ತು ಲೀಟರ್ ಸಾಕು. 100 ಗ್ರಾಂ ಮೈಲುತುತ್ತವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 5 ಲೀಟರ್ ನೀರಿಗೆ ಕರಗಿಸಿ. ಇನ್ನೊಂದರಲ್ಲಿ 100 ಗ್ರಾಂ ಸುಣ್ಣ, 5 ಲೀಟರ್ ನೀರು. ಕಲಕುತ್ತಾ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಆಕಾಶನೀಲಿ ಬಣ್ಣ ಬಂದ ಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಅಲಗಿನ ಮೇಲೆ ಕೆಂಪು ಕೂರದಂತಾಗುವವರೆಗೆ ಸುಣ್ಣದ ತಿಳಿ ಸೇರಿಸಿ. ಕಲೆಸಿದ ದಿನವೇ ಹೊಡೆದು ಮುಗಿಸಿ.

ಬೋರ್ಡೋ ರೋಗ ಬಾರದಂತೆ ಕಾಯುತ್ತದೆ, ಬಂದ ಕಜ್ಜಿಯನ್ನು ವಾಸಿ ಮಾಡುವುದಿಲ್ಲ. ಹಾಗಾಗಿ ಮುಂಗಾರಿಗೆ ಮೊದಲು, ಮೇ ಕೊನೆಯ ಒಣ ದಿನಗಳಲ್ಲಿ, ಕಜ್ಜಿ ಹತ್ತಿದ ಕಡ್ಡಿಗಳನ್ನು ಕತ್ತರಿಸಿ ಸುಟ್ಟು ಆಮೇಲೆ ಹೊಡೆಯಬೇಕು. ಆಮೇಲೆ ಬಂದ ಚಿಗುರಿಗೆ ಹಳೆಯ ಮದ್ದಿನ ರಕ್ಷಣೆ ಇಲ್ಲ. ಮಳೆ ಹೊಳವಾದಾಗ ಇನ್ನೊಂದು ಸಲ ಹೊಡೆಯಿರಿ. ಒದ್ದೆ ಗಿಡವನ್ನು ಮಾತ್ರ ಕತ್ತರಿಸಬೇಡಿ, ಕೈ ಮತ್ತು ಕತ್ತಿಯೇ ರೋಗ ಹರಡುತ್ತವೆ.

ಎಲೆ ಮೇಲಿನ ಕಪ್ಪು ಬೆರಳಿಗೆ ಮಸಿಯಂತೆ ಅಂಟಿದರೆ ಅದು ಬೇರೆ. ಗಿಡದ ಹೇನು ಅಥವಾ ಶಲ್ಕ ಕೀಟ (ಎಲೆ, ಕಡ್ಡಿಗೆ ಚಿಪ್ಪಿನಂತೆ ಅಂಟಿಕೊಳ್ಳುವ ಹುಳು) ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು ಅದು. ಇರುವೆ ಸಾಲು ಹಿಡಿದು ಹೋದರೆ ಕೀಟ ಸಿಗುತ್ತದೆ. ಮಾವು, ಪೇರಲೆ ಎಲೆಯ ತುಕ್ಕು ಬಣ್ಣದ ಮಖಮಲ್ಲಿನಂಥ ಚುಕ್ಕೆ ಪಾಚಿಯ ಜಾತಿಯದು. ನೆರಳು ಕಡಿಮೆ ಮಾಡಿ, ಬೋರ್ಡೋ ಹೊಡೆಯಿರಿ.

ಉಳಿದ ಬೋರ್ಡೋವನ್ನು ಹಳ್ಳಕ್ಕೆ, ಕೆರೆಗೆ ಚೆಲ್ಲಬೇಡಿ. ತಾಮ್ರಕ್ಕೆ ಮೀನು ಸಾಯುತ್ತವೆ.